ಕಣ್ಣಂಚಿನಲ್ಲಿ ಮಿಂಚು, ತೇಲಾಡುವ ಕಪ್ಪು ಎಳೆಗಳು: ಕನ್ನಡಕದ ನಂಬರ್ ಪರೀಕ್ಷಿಸಿಕೊಂಡರೆ ಸಾಕೇ?

ಸಾಲದು. ಮೈನಸ್ 7ರ ಕನ್ನಡಕ, ಒಂದು ವಾರದಿಂದ ಮಿಂಚು, ಕಪ್ಪು ಎಳೆಗಳು, ಆದರೆ ನೋವಿಲ್ಲ ಎಂದು ಬರೆದಿದ್ದೀರಿ. ನನ್ನ ಎಡಗಣ್ಣಿನಲ್ಲಿಯೂ ಹೀಗೆಯೇ ಶುರುವಾಗಿತ್ತು, ಮತ್ತು ನಾನು ಹೋದದ್ದು ಕನ್ನಡಕದ ಅಂಗಡಿಗೆ. ಅಲ್ಲಿ ಕೊನೆಯ ಸಾಲಿನ ಅಕ್ಷರಗಳನ್ನೂ ಓದಿದೆ. ನಂಬರ್ ಬದಲಾಗಿಲ್ಲ ಎಂದರು. ಕಣ್ಣಿಗೆ ಏನೂ ಆಗಿಲ್ಲವೆಂದು ನಾನೇ ತೀರ್ಮಾನಿಸಿಕೊಂಡೆ.

ಆ ತೀರ್ಮಾನ ಎಲ್ಲಿ ತಪ್ಪಿತೆಂಬುದನ್ನು ವಿವರವಾಗಿಯೇ ಹೇಳಬೇಕು. ಕಣ್ಣಿನೊಳಗೆ ಬೆಳಕು ಎಷ್ಟು ಬಾಗುತ್ತದೆ, ಕಣ್ಣುಗುಡ್ಡೆ ಎಷ್ಟು ಉದ್ದವಿದೆ ಎಂಬ ಎರಡರ ಲೆಕ್ಕವೇ ನಂಬರ್. ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ್ದು, ಉಳಿದದ್ದು ಪಾಪೆಯ ಹಿಂದಿರುವ ಮಸೂರದ್ದು. ಅಕ್ಷರಗಳನ್ನು ಓದಲು ನೆರವಾಗುವುದು ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ನಡುವಿನ ಮ್ಯಾಕುಲಾ ಎಂಬ ಪುಟ್ಟ ಜಾಗ. ಆದ್ದರಿಂದ ರೆಟಿನಾ ಅಂಚಿನಲ್ಲಿ ಹರಿದಿದ್ದರೂ, ಮ್ಯಾಕುಲಾ ತನ್ನ ಸ್ಥಾನದಲ್ಲಿರುವ ತನಕ, ಕೊನೆಯ ಸಾಲನ್ನು ಸ್ಪಷ್ಟವಾಗಿ ಓದಲು ಸಾಧ್ಯ. ನನ್ನದು ಅಂಚಿನಲ್ಲಿಯೇ ಹರಿದಿತ್ತು.

ಮಸೂರಕ್ಕೂ ರೆಟಿನಾಕ್ಕೂ ನಡುವೆ ವಿಟ್ರಿಯಸ್ ಎಂಬ ಲೋಳೆ ತುಂಬಿರುತ್ತದೆ. ಅದರ ಬಹುಪಾಲು ನೀರು, ಜೊತೆಗೆ ಅತಿ ತೆಳುವಾದ ಕೊಲಾಜೆನ್ ಎಳೆಗಳು. ವಯಸ್ಸಾದಂತೆ, ನಮ್ಮಂಥ ಹೆಚ್ಚು ಮೈನಸ್ ಇರುವವರಲ್ಲಿ ಇನ್ನೂ ಬೇಗ, ಈ ಲೋಳೆ ನೀರಾಗಿ ಕುಗ್ಗಿ ರೆಟಿನಾದಿಂದ ಬಿಟ್ಟುಕೊಳ್ಳುತ್ತದೆ. ಹಲವರಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ಕೆಲವರಲ್ಲಿ ಬಿಗಿಯಾಗಿ ಅಂಟಿಕೊಂಡ ಕಡೆ ಎಳೆದು ರೆಟಿನಾವನ್ನೇ ಹರಿಯುತ್ತದೆ. ರೆಟಿನಾದಲ್ಲಿ ನೋವಿನ ನರಗಳಿಲ್ಲ. ಎಳೆದಾಗಲೂ ಅದು ಮಿದುಳಿಗೆ ಕಳುಹಿಸುವುದು ಬೆಳಕಿನ ಸುದ್ದಿಯನ್ನೇ, ನಿಮಗೆ ಕಾಣುವ ಮಿಂಚು ಅದು. ನೋವಿಲ್ಲವೆಂಬ ಸಮಾಧಾನವನ್ನು ದಯವಿಟ್ಟು ಬಿಡಿ.

ಪೊರೆ ಬಂದಿರಬೇಕು, ನಿಧಾನವಾಗಿ ತೋರಿಸಿದರಾಯಿತು ಎಂದು ಮನೆಯಲ್ಲಿ ನನಗೆ ಹೇಳಿದ್ದರು. ಪೊರೆ ಬರುವುದು ಮಸೂರಕ್ಕೆ, ಅದು ಸಾಮಾನ್ಯವಾಗಿ ಕಾಯುತ್ತದೆ. ರೆಟಿನಾ ಕಾಯುವುದಿಲ್ಲ. ಹರಿದ ಕಡೆಯಿಂದ ನೀರು ನುಗ್ಗಿ, ತೇವ ಹಿಡಿದ ಗೋಡೆಯಿಂದ ಸುಣ್ಣದ ಪದರ ಏಳುವಂತೆ ಅದು ಏಳುತ್ತದೆ. ಬೆಳಕನ್ನು ಗ್ರಹಿಸುವ ಕೋಶಗಳಿಗೆ ಆಮ್ಲಜನಕ ಬರುವುದು ಹಿಂದಿನ ಕೊರಾಯ್ಡ್ ಪದರದ ರಕ್ತನಾಳಗಳಿಂದ, ಆ ನಂಟು ತಪ್ಪುತ್ತದೆ. ಮೂಗಿನ ಕಡೆಯಿಂದ ಕಪ್ಪು ನೆರಳೊಂದು ಹರಡತೊಡಗಿದ ಮೇಲೆ ನಾನು ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ ಮ್ಯಾಕುಲಾವೂ ಎದ್ದಿತ್ತು. ವಿಟ್ರಿಯಸ್ ತೆಗೆದು, ಅನಿಲ ತುಂಬಿ ರೆಟಿನಾವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದರು; ದಿನಗಟ್ಟಲೆ ಮುಖ ಕೆಳಗೆ ಮಾಡಿಕೊಂಡೇ ಇದ್ದೆ. ರೆಟಿನಾ ಅಂಟಿಕೊಂಡಿತು, ಆದರೆ ಇಂದಿಗೂ ಆ ಕಣ್ಣಿಗೆ ಬಾಗಿಲ ಚೌಕಟ್ಟು ಡೊಂಕಾಗಿಯೇ ಕಾಣುತ್ತದೆ. ಹರಿದ ಹಂತದಲ್ಲಿಯೇ ಸಿಕ್ಕಿದ್ದರೆ ಸುತ್ತ ಲೇಸರ್ ಹಾಕಿ ಅದೇ ದಿನ ಮನೆಗೆ ಕಳುಹಿಸುತ್ತಿದ್ದರು.

ಇಂದೇ ನೇತ್ರತಜ್ಞರ ಬಳಿ ಹೋಗಿ, ಹನಿ ಹಾಕಿ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೂ ನೋಡುವಂತೆ ಕೇಳಿ. ಕೆಲವು ಗಂಟೆ ಮಂಜು ಮಂಜಾಗಿ ಕಾಣುವುದರಿಂದ ಗಾಡಿ ಓಡಿಸಬೇಡಿ, ಜೊತೆಗೊಬ್ಬರಿರಲಿ. ಹರಿದಿಲ್ಲವೆಂದರೂ ಕೆಲವು ವಾರಗಳ ನಂತರ ಮತ್ತೊಮ್ಮೆ ತೋರಿಸಿ. ನಡುವೆ ಎಳೆಗಳು ಹೆಚ್ಚಿದರೆ ಅಥವಾ ನೆರಳು ಕಂಡರೆ ಆ ದಿನಾಂಕಕ್ಕಾಗಿ ಕಾಯದೆ ತಕ್ಷಣ ಹೊರಡಿ.