ಟಿವಿ ಗೇಮ್ ಪ್ರಶ್ನೋತ್ತರ: ಎಲೆ ಅಲ್ಲಾಡುವ ಕಾಂಟ್ರಾ, ಕಾಣೆಯಾದ ಗೈ

ಪ್ರಶ್ನೆ: ಸರ್, ನಮ್ಮನೆ ಟಿವಿ ಗೇಮ್‌ನಲ್ಲಿ ಆಡುತ್ತಿದ್ದ ಕಾಂಟ್ರಾದಲ್ಲಿ ಕಾಡಿನ ಮರಗಳು ಸುಮ್ನೆ ನಿಂತಿರುತ್ತಿದ್ದವು. ಕುಶಾಲನಗರದ ಚಿಕ್ಕಮ್ಮನ ಮಗನ ಹತ್ತಿರ ಇರುವ ಕ್ಯಾಸೆಟ್‌ನಲ್ಲಿ ಎಲೆಗಳು ಗಾಳಿಗೆ ಅಲ್ಲಾಡುತ್ತವೆ, ಹಂತ ಶುರುವಾಗುವ ಮೊದಲು ಮ್ಯಾಪ್ ಬೇರೆ ಬರುತ್ತದೆ. ತನ್ನದೇ ಒರಿಜಿನಲ್ ಅಂತಾನೆ. ಹೌದಾ? (ವಿರಾಜಪೇಟೆಯಿಂದ)

ಉತ್ತರ: ಒರಿಜಿನಲ್ ಅನ್ನೋದು 1987ರಲ್ಲಿ ಜಪಾನಿನ ಕೊನಾಮಿ ಕಂಪನಿ ಮಾಡಿದ ಆರ್ಕೇಡ್ (ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರದ) ಆಟ, ಅದು ನಿಮ್ಮಿಬ್ಬರ ಹತ್ತಿರವೂ ಇಲ್ಲ. ಅವನ ಕ್ಯಾಸೆಟ್‌ನಲ್ಲಿರುವುದು ಜಪಾನಿನ ಫ್ಯಾಮಿಕಾಮ್‌ಗೆ, ಅಂದರೆ ನಿಂಟೆಂಡೊ ಕಂಪನಿಯ ಟಿವಿ ಗೇಮ್ ಯಂತ್ರಕ್ಕೆ ಬಂದ ಕಾಂಟ್ರಾ. ನೀವು ಆಡಿದ್ದು ಅದೇ ಯಂತ್ರದ ಅಮೆರಿಕದ ರೂಪವಾದ ಎನ್‌ಇಎಸ್‌ಗೆ ಬಂದದ್ದು. ಎರಡೂ 1988ರವೇ.

ವ್ಯತ್ಯಾಸ ಇರುವುದು ಕ್ಯಾಸೆಟ್ ಒಳಗೆ. ಜಪಾನಿನದರಲ್ಲಿ ಕೊನಾಮಿ ತನ್ನದೇ ವಿಆರ್‌ಸಿ2 ಅನ್ನೋ ಚಿಪ್ ಕೂರಿಸಿತ್ತು, ಪರದೆ ಮೇಲಿನ ಚಿತ್ರದ ತುಣುಕುಗಳನ್ನು ಆಟದ ಮಧ್ಯೆಯೇ ಪಟಪಟ ಬದಲಿಸಲು ಅದಕ್ಕೆ ಆಗುತ್ತಿತ್ತು. ಹಾಗಾಗಿ ಮೊದಲ ಹಂತದ ಮರಗಳ ತುದಿ ತೂಗುತ್ತದೆ, ಹಿಮದ ಹಂತದಲ್ಲಿ ಹಿಮ ನಿಜಕ್ಕೂ ಬೀಳುತ್ತದೆ. ಅಮೆರಿಕದ ಕ್ಯಾಸೆಟ್‌ನಲ್ಲಿ ಸಾದಾ ಚಿಪ್, ಜಾಗವೂ ಜಪಾನಿನದರ ಅರ್ಧ. ಹಾಗಾಗಿ ಮ್ಯಾಪ್, ಕಥೆ ಹೇಳುವ ದೃಶ್ಯ, ಗಾಳಿ, ಹಿಮ ಎಲ್ಲಾ ಹೋಯಿತು. ಆದರೆ ನಾವು ಆಡಿಸುವ ಸೈನಿಕರು ಬಿಲ್, ಲ್ಯಾನ್ಸ್ ಇಬ್ಬರೂ ಹಾಗೇ ಉಳಿದರು, ಓಟ, ಪಲ್ಟಿ, ಗುಂಡು ಎಲ್ಲಾ ಅದೇ. ಆಡುವ ಖುಷಿಯಲ್ಲಿ ಒಂದಿಷ್ಟೂ ಕಡಿಮೆಯಿಲ್ಲ, ಇದನ್ನು ನಿಮ್ಮ ತಮ್ಮನಿಗೂ ಹೇಳಿ.

ಯುರೋಪಿನಲ್ಲಿ ಮಾತ್ರ ಆಳುಗಳೇ ಬದಲಾದರು. ಅಲ್ಲಿ ಆಟದ ಹೆಸರು ಪ್ರೊಬೊಟೆಕ್ಟರ್, ಬಿಲ್ ಮತ್ತು ಲ್ಯಾನ್ಸ್ ಜಾಗದಲ್ಲಿ ಎರಡು ರೋಬೋಟ್. ಮನುಷ್ಯರು ಮನುಷ್ಯರಿಗೆ ಗುಂಡು ಹೊಡೆಯುವ ಆಟಗಳ ಮೇಲೆ ಜರ್ಮನಿಯಲ್ಲಿ ಬಿಗಿ ಇತ್ತು, ಅದಕ್ಕೇ ಹಾಗೆ ಮಾಡಿದರು.

ಪ್ರಶ್ನೆ: ಅಣ್ಣ ಬೆಂಗಳೂರಿನಿಂದ ಹಳೇ ಸೂಪರ್ ನಿಂಟೆಂಡೊ ತಂದಿದ್ದಾನೆ. ಅದರಲ್ಲಿ ಫೈನಲ್ ಫೈಟ್ ಹಾಕಿದರೆ ಕೋಡಿ, ಹ್ಯಾಗರ್ ಇಬ್ಬರೇ ಇದ್ದಾರೆ. ಕೆಂಪು ಬಟ್ಟೆಯ ಗೈ ಎಲ್ಲಿ? ನಾವಿಬ್ಬರೂ ಒಟ್ಟಿಗೆ ಆಡೋಕೂ ಆಗ್ತಿಲ್ಲ. (ಸೋಮವಾರಪೇಟೆಯಿಂದ)

ಉತ್ತರ: ನಿಮ್ಮ ಕ್ಯಾಸೆಟ್ ಕೆಟ್ಟಿಲ್ಲ. 1989ರ ಆರ್ಕೇಡ್ ಆಟದಲ್ಲಿ ಮೂವರೂ ಇದ್ದರು, ಇಬ್ಬರು ಸೇರಿ ಆಡಬಹುದಿತ್ತು. 1990ರಲ್ಲಿ ಅದನ್ನು ಸೂಪರ್ ಫ್ಯಾಮಿಕಾಮ್‌ಗೆ (ಸೂಪರ್ ನಿಂಟೆಂಡೊದ ಜಪಾನಿನ ಹೆಸರು) ತರುವಾಗ ಆಟ ಮಾಡಿದ ಕ್ಯಾಪ್‌ಕಾಮ್ ಕಂಪನಿಗೆ ಸಿಕ್ಕಿದ್ದು 8 ಮೆಗಾಬಿಟ್, ಅಂದರೆ 1 ಎಂಬಿಯ ಕ್ಯಾಸೆಟ್. ಹ್ಯಾಗರ್‌ನ ಗಾತ್ರ ನೋಡಿ, ಪರದೆಯ ಅರ್ಧ ಎತ್ತರ ಹತ್ತಿರ ಹತ್ತಿರ ಬರುತ್ತಾನೆ. ಅಂಥವನು ನಡೆಯುವ, ಹೊಡೆಯುವ, ಎತ್ತಿ ಒಗೆಯುವ ಒಂದೊಂದು ಭಂಗಿಗೂ ಬೇರೆ ಚಿತ್ರ ಬೇಕು. ಚಿತ್ರ ದೊಡ್ಡದಾಗಿಯೇ ಇರಲಿ ಅಂತ ನಿರ್ಧಾರ ಮಾಡಿ ಗೈಯನ್ನು ಬಿಟ್ಟರು, ಕಾರ್ಖಾನೆಯ ಹಂತವನ್ನೂ ಬಿಟ್ಟರು, ಇಬ್ಬರು ಆಡುವುದನ್ನೂ ತೆಗೆದರು. ನನ್ನ ಪ್ರಕಾರ ಮೂರನೆಯದೇ ದೊಡ್ಡ ಪೆಟ್ಟು. ಬೀದಿ ಜಗಳದ ಆಟ ಜೊತೆಗಾರ ಇದ್ದರೇ ಚೆಂದ ಅಲ್ವಾ?

1992ರಲ್ಲಿ ಫೈನಲ್ ಫೈಟ್ ಗೈ ಅಂತ ಇನ್ನೊಂದು ಬಂತು. ಗೈ ಬಂದ, ಆದರೆ ಕೋಡಿ ಹೋದ, ಒಬ್ಬರೇ ಆಡುವುದು ಹಾಗೇ ಉಳಿಯಿತು. ಮೂವರೂ ಬೇಕು, ಅಣ್ಣನ ಜೊತೆಯೂ ಆಡಬೇಕು ಅಂದರೆ ಸೆಗಾದ ಸಿಡಿ ಯಂತ್ರಕ್ಕೆ 1993ರಲ್ಲಿ ಬಂದ ಫೈನಲ್ ಫೈಟ್ ಸಿಡಿ ಹುಡುಕಿ. ಅದರಲ್ಲಿ ಬಣ್ಣ ಸ್ವಲ್ಪ ಮಂಕು, ಯಾಕೆಂದರೆ ಸೆಗಾ ಯಂತ್ರ ಸಾಮಾನ್ಯವಾಗಿ ಒಂದು ಸಲಕ್ಕೆ 64 ಬಣ್ಣದೊಳಗೇ ಚಿತ್ರ ತೋರಿಸಬೇಕು, ನಿಮ್ಮ ನಿಂಟೆಂಡೊ 256 ತೋರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಬಟ್ಟೆಯ ನೆರಳು ನೋಡಿದರೆ ಗೊತ್ತಾಗುತ್ತದೆ. ಆದರೂ ನನ್ನ ಓಟು ಸಿಡಿಗೇ.

ಪ್ರಶ್ನೆ: ಮಾರಿಯೋದಲ್ಲಿ ರಾಜಕುಮಾರಿಯಾಗಿ ಆಡುವ ಆಟ ನಿಜಕ್ಕೂ ಇದೆಯಾ? ಮಗಳು ಕೇಳ್ತಾ ಇದ್ದಾಳೆ. (ಮಡಿಕೇರಿಯಿಂದ)

ಉತ್ತರ: ಇದೆ. 1988ರ ಸೂಪರ್ ಮಾರಿಯೋ ಬ್ರದರ್ಸ್ 2 ಆಡಿಸಿ. ಮಾರಿಯೋ, ಲುಯಿಗಿ, ಟೋಡ್, ರಾಜಕುಮಾರಿ, ನಾಲ್ವರಲ್ಲಿ ಯಾರನ್ನಾದರೂ ಆರಿಸಬಹುದು. ರಾಜಕುಮಾರಿ ಹಾರಿದ ಮೇಲೆ ಗಾಳಿಯಲ್ಲಿ ಒಂಚೂರು ತೇಲುತ್ತಾಳೆ, ಚಿಕ್ಕ ಮಕ್ಕಳಿಗೆ ಅವಳೇ ಸುಲಭ. ಇದು ಮೊದಲು ಜಪಾನಿನಲ್ಲಿ ಡೋಕಿ ಡೋಕಿ ಪ್ಯಾನಿಕ್ ಅಂತ ಬೇರೆ ನಾಲ್ವರ ಆಟವಾಗಿತ್ತು, ಆಮೇಲೆ ಆಳು ಬದಲಿಸಿದ್ದು. 1993ರ ಸೂಪರ್ ಮಾರಿಯೋ ಆಲ್ ಸ್ಟಾರ್ಸ್‌ನಲ್ಲಿ ಚಿತ್ರವನ್ನೆಲ್ಲಾ ಹೊಸದಾಗಿ ಬರೆದಿದ್ದಾರೆ. ಒಂದು ಜೀವ ಹೋದ ತಕ್ಷಣ ಆಳು ಬದಲಿಸಲೂ ಬಿಡುತ್ತದೆ, ಅದನ್ನೇ ಕೊಡಿಸಿ.

ಪ್ರಶ್ನೆ: ನನ್ನ ಕ್ಯಾಸೆಟ್‌ನಲ್ಲಿ ಆಳುಗಳು ತುಂಡು ತುಂಡಾಗಿ ಕಾಣ್ತಾರೆ. ಇದೂ ಬೇರೆ ವರ್ಷನ್ನಾ? (ಗೋಣಿಕೊಪ್ಪಲಿನಿಂದ)

ಉತ್ತರ: ಪರದೆಯಲ್ಲಿ ತುಂಬಾ ಜನ ಒಂದೇ ಸಾಲಿಗೆ ಬಂದಾಗ ಮಾತ್ರ ಮಿಣಮಿಣ ಅಂದರೆ ಅದು ಯಂತ್ರದ ಮಿತಿ. ಫ್ಯಾಮಿಕಾಮ್ ಒಂದು ಗೆರೆಯಲ್ಲಿ 8 ಚಲಿಸುವ ತುಣುಕು ಮಾತ್ರ ತೋರಿಸಬಲ್ಲದು, ಯಾವ ಆವೃತ್ತಿ ತಂದರೂ ಅಷ್ಟೇ. ಹೆಸರು ತೋರಿಸುವ ಮೊದಲ ಪರದೆಯಲ್ಲೇ ಅಕ್ಷರ, ಚಿತ್ರ ಚೂರಾಗಿದ್ದರೆ ಕ್ಯಾಸೆಟ್‌ನ ಪಿನ್ ಮೇಲೆ ಕೊಳೆ ಕೂತಿರುತ್ತದೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಗೆ ಗೋಡೆಗೇ ಬೂಷ್ಟು ಬರುತ್ತದೆ, ತಾಮ್ರದ ಪಿನ್ ಬಿಡುತ್ತಾ? ಬಾಯಿಂದ ಊದಬೇಡಿ, ಎಂಜಲ ತೇವಕ್ಕೆ ಇನ್ನೂ ಹಾಳಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ ಇಡಿ, ಜೊತೆಗೆ ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ.