ಗೊತ್ತಿಲ್ಲದವರ ಜೊತೆ ಹಾಯಿದೋಣಿ ಹತ್ತಲೇ?

ಪ್ರಶ್ನೆ: ನನಗೆ 41 ವರ್ಷ. ಹುಟ್ಟೂರು ಹೊನ್ನಾವರ, ಈಗ ಮ್ಯೂನಿಕ್‌ನಲ್ಲಿದ್ದೇನೆ. ಕಡಲು, ಗಾಳಿ ಎಲ್ಲವೂ ದೂರವಾಗಿ ಮನಸ್ಸು ಒಣಗಿದೆ. ಆಫೀಸಿನ ಗೆಳತಿ ಸೆಪ್ಟೆಂಬರಿನಲ್ಲಿ ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಹೊರಡುವ ಒಂದು ವಾರದ ಹಾಯಿದೋಣಿ ಪ್ರವಾಸಕ್ಕೆ ಕರೆದಿದ್ದಾಳೆ. ಎಂಟು ಜನ, ಅವಳನ್ನು ಬಿಟ್ಟು ಯಾರೂ ಗೊತ್ತಿಲ್ಲ. ನಾನು ಸಸ್ಯಾಹಾರಿ, ಈಜು ಬರುವುದಿಲ್ಲ. ಗಂಡ 'ನಿನ್ನಿಷ್ಟ' ಅಂದರು. ಅಮ್ಮ ಫೋನಿನಲ್ಲೇ 'ಮಗು ಬಿಟ್ಟು ನೀರಿನ ಮೇಲೆ ಯಾಕೆ ಹೋಗ್ತೀಯೆ' ಎಂದು ಬೈದರು. ಏನು ಮಾಡಲಿ?

ಉತ್ತರ: ಹೋಗಿ. ಆದರೆ ಮೊದಲು ತಲೆಯಲ್ಲಿರುವ ಚಿತ್ರವನ್ನು ಸ್ವಲ್ಪ ತಿದ್ದಿಕೊಳ್ಳಿ.

ನಿಮಗೆ ಬೇಕಿರುವುದು ಕಡಲು. ದೋಣಿಯಲ್ಲಿ ಮೊದಲು ಎದುರಾಗುವುದು ಜನ. ನಲವತ್ತು ಚಿಲ್ಲರೆ ಅಡಿ ಉದ್ದದ ದೋಣಿಯಲ್ಲಿ ಎಂಟು ಮಂದಿ ಅಂದರೆ ಕ್ಯಾಬಿನ್ನಿಗೆ ಇಬ್ಬರು, ನಡುವೆ ತೆಳು ಹಲಗೆ. ಪಕ್ಕದವರ ಗೊರಕೆ ಚೆನ್ನಾಗಿ ಕೇಳಿಸುತ್ತದೆ. ಟಾಯ್ಲೆಟ್ಟಿಗೆ ಎಷ್ಟೋ ದೋಣಿಗಳಲ್ಲಿ ಕೈಪಂಪು ಒತ್ತಬೇಕು. ಸಿಹಿನೀರು ಟ್ಯಾಂಕಿನಲ್ಲಿದ್ದಷ್ಟೇ, ಹಾಗಾಗಿ ಸ್ನಾನ ಅಂದರೆ ಮೈಮೇಲೆ ಎರಡು ಚೊಂಬು. ಹೆದರಿಸೋಕೆ ಹೇಳ್ತಿಲ್ಲ. ಮೊದಲೇ ಗೊತ್ತಿದ್ದರೆ ಎರಡನೇ ದಿನ ಅಳು ಬರುವುದಿಲ್ಲ, ಅಷ್ಟೇ.

ಇದು ಯಾವ ಥರದ ಪ್ರವಾಸ ಅಂತ ಗೆಳತಿಯನ್ನು ಕೇಳಿದ್ದೀರಾ? ಆ ಕರಾವಳಿಯಲ್ಲಿ ಹತ್ತಾರು ದೋಣಿಗಳು ಗುಂಪಾಗಿ ಹೊರಟು ರಾತ್ರಿಯಿಡೀ ಹಾಡು, ಕುಡಿತ ನಡೆಸುವ ಪ್ರವಾಸಗಳೂ ಇವೆ. ಅದು ನಿಮಗಲ್ಲ. ದೋಣಿ ನಡೆಸುವ ಸ್ಕಿಪ್ಪರ್ ಹತ್ತಿರ ನೇರವಾಗಿ ಮಾತಾಡಿ. ರಾತ್ರಿ ಎಲ್ಲಿ ತಂಗುತ್ತೀರಿ, ದೋಣಿ ಕಟ್ಟಿ ನಿಲ್ಲಿಸುವ ಮರೀನಾದಲ್ಲೋ ಸಣ್ಣ ಕೊಲ್ಲಿಯಲ್ಲಿ ಲಂಗರು ಹಾಕಿಯೋ? ನಮಗೂ ಹಗ್ಗ ಎಳೆಯಲು, ಚುಕ್ಕಾಣಿ ಹಿಡಿಯಲು ಬಿಡ್ತೀರಾ? ವಿಸ್ ದ್ವೀಪಕ್ಕೆ ಹೋಗ್ತೀರಾ ಅಂತಲೂ ಕೇಳಿ. ಅಲ್ಲಿ ಆಗಿನ ಯುಗೊಸ್ಲಾವಿಯಾದ ಸೇನಾ ನೆಲೆ ಇತ್ತು, 1989ರವರೆಗೆ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ಹಾಗಾಗಿ ದೊಡ್ಡ ಹೋಟೆಲುಗಳ ಕಾಟ ಕಡಿಮೆ.

ಚುಕ್ಕಾಣಿ ವಿಷಯ ಒತ್ತಿ ಹೇಳಲು ಕಾರಣವಿದೆ. ಬೆಳಿಗ್ಗೆ ಅಲ್ಲಿ ಎಷ್ಟೋ ದಿನ ಗಾಳಿಯೇ ಇರುವುದಿಲ್ಲ, ದೋಣಿ ಇಂಜಿನ್ನಿನ ಮೇಲೇ ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯುವ್ಯದಿಂದ ಮಾಯೆಸ್ಟ್ರಾಲ್ ಎಂಬ ಗಾಳಿ ಏಳುತ್ತದೆ. ಹೊನ್ನಾವರದಲ್ಲಿ ಬೇಸಿಗೆ ಮಧ್ಯಾಹ್ನ ಕಡಲಿನಿಂದ ಬೀಸುತ್ತದಲ್ಲ, ಅದೇ ಜಾತಿ: ನೆಲ ಕಾದಂತೆ ಕಡಲ ಗಾಳಿ ಒಳಗೆ ನುಗ್ಗುತ್ತದೆ. ಹಾಯಿ ಬಿಚ್ಚಿ ಇಂಜಿನ್ ನಿಲ್ಲಿಸಿದಾಗ ಚುಕ್ಕಾಣಿ ಕೇಳಿ ಪಡೆಯಿರಿ. ಗಾಳಿ ಯಾವ ಕೆನ್ನೆಗೆ ತಾಗುತ್ತಿದೆ, ಹಾಯಿ ಎಲ್ಲಿ ಪಟಪಟ ಅನ್ನುತ್ತಿದೆ ಅಂತ ನೋಡುತ್ತಾ ಕೂತರೆ ಫೋನು, ಆಫೀಸು ಎರಡೂ ಮರೆತುಹೋಗುತ್ತವೆ. ಡೆಕ್ಕಿನ ಮೇಲೆ ಸುಮ್ನೆ ಮಲಗಿದವರಿಗೆ ಇದು ಸಿಗುವುದಿಲ್ಲ. ನೀವು ಹುಡುಕುತ್ತಿರುವುದು ಇದನ್ನೇ ಅಂತ ನನ್ನ ಊಹೆ.

ಕೆಲವೊಮ್ಮೆ ಬೂರ ಎಂಬ ಚಳಿಗಾಳಿ ನೆಲದ ಕಡೆಯಿಂದ ಎರಗುತ್ತದೆ. 'ಇವತ್ತು ಹೊರಡೋದು ಬೇಡ' ಅನ್ನುವ ಸ್ಕಿಪ್ಪರ್ ಸಿಕ್ಕರೆ ಬೇಸರ ಮಾಡಿಕೊಳ್ಳಬೇಡಿ, ಅವರೇ ಒಳ್ಳೆಯವರು.

ಈಜು ಬಾರದ ವಿಷಯ ಮುಚ್ಚಿಡಬೇಡಿ. ಲೈಫ್ ಜಾಕೆಟ್ ಕೊಡುತ್ತಾರೆ, ಆದರೂ ಈಗಿನಿಂದಲೇ ಮ್ಯೂನಿಕ್‌ನ ಯಾವುದಾದರೂ ಈಜುಕೊಳದಲ್ಲಿ ತರಗತಿಗೆ ಸೇರಿ. ಹೊಟ್ಟೆ ತೊಳಸಿದರೆ ಕೆಳಗೆ ಕ್ಯಾಬಿನ್ನಿಗೆ ಇಳಿಯಬೇಡಿ, ದೂರದ ದಿಗಂತ ನೋಡಿ. ಯಾವ ಮಾತ್ರೆ ಅಂತ ಡಾಕ್ಟರನ್ನು ಕೇಳಿ, ದೋಣಿ ಹೊರಡುವ ಮೊದಲೇ ತೆಗೆದುಕೊಳ್ಳಿ. ಊಟಕ್ಕೆ ಅವಲಕ್ಕಿ, ಉಪ್ಪಿನಕಾಯಿ ಇರಲಿ. ಕ್ರೊಯೇಷಿಯಾ 2023ರಲ್ಲೇ ಯೂರೋಪಿನ ಒಂದೇ ವೀಸಾದ ಷೆಂಗೆನ್ ವಲಯ ಸೇರಿದೆ, ಜರ್ಮನಿಯ ವಾಸದ ಪರವಾನಗಿ ಇದ್ದರೆ ಬೇರೆ ವೀಸಾ ಬೇಡ.

ಇನ್ನು ಮನೆಯವರು. 'ನಿನ್ನಿಷ್ಟ' ಅನ್ನುವುದನ್ನು ನೀವು 'ಬೇಡ' ಅಂತ ಕೇಳಿಸಿಕೊಂಡಿದ್ದೀರಿ, ಅಲ್ವಾ? 'ಆ ವಾರ ಸ್ಕೂಲು, ಅಡುಗೆ ನೀವು ನೋಡ್ಕೋತೀರಾ?' ಅಂತ ಕೇಳಿ. ಆಗ ಹೌದು ಅಥವಾ ಇಲ್ಲ ಅಂತ ಹೇಳಲೇಬೇಕಾಗುತ್ತದೆ. ಅಮ್ಮ ಮಳೆಗಾಲದ ಅರಬ್ಬಿ ಕಡಲನ್ನು ಕಂಡವರು, ಅವರ ಭಯ ಸುಳ್ಳಲ್ಲ. ವಾದ ಬೇಡ. ಸ್ಕಿಪ್ಪರ್ ಹೇಳಿದ್ದನ್ನೆಲ್ಲ ಅವರಿಗೂ ಹೇಳಿ.

ಆ ಸ್ಕಿಪ್ಪರ್ ನಿಮ್ಮ ಪ್ರಶ್ನೆಗಳಿಂದ ನುಣುಚಿಕೊಂಡರೆ ಮಾತ್ರ ಮುಂಗಡ ಕಟ್ಟಬೇಡಿ. ಮುಂದಿನ ಮೇ ತಿಂಗಳಿಗೆ ಬೇರೆ ಗುಂಪು ನೋಡಿ, ಅಷ್ಟರಲ್ಲಿ ಈಜೂ ಬಂದಿರುತ್ತದೆ.