ಮಳೆಗಾಲದ ಡಬ್ಬಿಗೆ ಯಾವ ಕಾಳು?

ಪ್ರಶ್ನೆ: ಅಕ್ಕಾ, ನಮ್ಮದು ಸೋಮವಾರಪೇಟೆ ಕಡೆಯ ಹಳ್ಳಿ. 2018ರ ಆಗಸ್ಟ್ ಮಳೆಯಲ್ಲಿ ರಸ್ತೆ ಕುಸಿದು, ಕರೆಂಟೂ ಹೋಗಿ 11 ದಿನ ಮನೆಯಲ್ಲೇ ಉಳಿದೆವು. ಅಕ್ಕಿ ಇತ್ತು, ಸಾರಿಗೆ ಏನೂ ಇರಲಿಲ್ಲ. ಆಮೇಲಿಂದ ಪ್ರತಿ ಬೇಸಿಗೆಯಲ್ಲೂ ಕಾಳು ತಂದಿಡುತ್ತೇನೆ. ಜುಲೈ ಬರುವಷ್ಟರಲ್ಲಿ ಹುಳ ಹಿಡಿದಿರುತ್ತದೆ. ನಾವು ನಾಲ್ಕು ಜನ. ಎಷ್ಟು ಇಡಬೇಕು, ಯಾವುದನ್ನ ಇಡಬೇಕು? ಹಿತ್ತಲಲ್ಲೇ ಬೆಳೆದುಕೊಂಡರೆ ಆಗುತ್ತದಾ?

ಉತ್ತರ: ತಂಗಿ, ನಿಮ್ಮ ಪತ್ರ ಓದುವಾಗ ನನಗೆ ನನ್ನದೇ ಒಂದು ಚೀಲ ಕಣ್ಣ ಮುಂದೆ ಬಂತು. 2020ರಲ್ಲಿ ಲಾಕ್‌ಡೌನ್ ಅಂದ ಕೂಡಲೇ ಹೆದರಿ 10 ಕೆಜಿ ಅಲಸಂದೆ ತಂದೆ. ಒಣಗಿಸಲಿಲ್ಲ, ಚೀಲದ ಬಾಯಿ ಕಟ್ಟಿ ಮೂಲೆಗಿಟ್ಟೆ. ಜೂನ್‌ನಲ್ಲಿ ಬಿಚ್ಚಿದರೆ ಕಾಳಿಗೆಲ್ಲಾ ತೂತು, ತಳದಲ್ಲಿ ಬರೀ ಹಿಟ್ಟು. ಗೊಬ್ಬರದ ಗುಂಡಿಗೆ ಸುರಿಯುವಾಗ ಅಳು ಬಂದುಬಿಟ್ಟಿತು. ಮಧುಗಿರಿಯ ನಮ್ಮ ಮನೆಯಲ್ಲಿ ಅಮ್ಮ ವರ್ಷಪೂರ್ತಿ ಗುಡಾಣಗಳಲ್ಲಿ ಅವರೆ, ತೊಗರಿ, ಹುರುಳಿ ಕಾಪಾಡುತ್ತಿದ್ದರು. ಅವರ ಮಗಳಾಗಿ ನಾನು ಹೀಗೆ ಮಾಡಿದೆನಲ್ಲ ಅನ್ನಿಸಿತು.

ಆ ಹುಳ ನಿಮ್ಮ ಡಬ್ಬಿಗೆ ಹೊರಗಿನಿಂದ ಬರುವುದು ಕಡಿಮೆ. ಎಷ್ಟೋ ಸಲ ಹೊಲದಲ್ಲೇ, ಕಾಯಿ ಬಲಿಯುವಾಗಲೇ ತಾಯಿಹುಳ ಮೊಟ್ಟೆ ಇಟ್ಟಿರುತ್ತದೆ. ಮರಿ ಕಾಳಿನ ಒಳಗೇ ಕೂತು ತಿನ್ನುತ್ತದೆ. ನಮಗೆ ತೂತು ಕಾಣುವುದು ಅದು ಬೆಳೆದು ಹೊರಗೆ ಬಂದ ಮೇಲೆ. ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು. ಹಾಗಾಗಿ ಅಂಗಡಿಯಲ್ಲಿ ಚೆನ್ನಾಗಿ ಕಂಡ ಕಾಳೂ ಎರಡು ತಿಂಗಳಲ್ಲಿ ಹಾಳಾಗುತ್ತದೆ.

ನಿಮ್ಮ ಕಡೆ ಕಾಫಿ ಗಿಡಕ್ಕೆ ಹೂ ಬಿಡಿಸುವ ಬೇಸಿಗೆಯ ಹೂಮಳೆ ಮುಗಿದ ಮೇಲೆ ಬಿಸಿಲು ಬಲಿಯುತ್ತದಲ್ಲ, ಕೆಲಸ ಆಗಲೇ ಮುಗಿಸಿ. ಮೇ ಕೊನೆವರೆಗೂ ಕಾಯಬೇಡಿ. ಕಾಳನ್ನು ತೆಳ್ಳಗೆ ಹರಡಿ ಮೂರು ದಿನ ಜೋರು ಬಿಸಿಲಿಗೆ ಹಾಕಿ. ಹಲ್ಲಲ್ಲಿ ಕಚ್ಚಿದರೆ ಟಕ್ ಅಂತ ಒಡೆಯಬೇಕು, ಹಲ್ಲಿನ ಗುರುತು ಬೀಳಬಾರದು. ಬಿಸಿ ಕಾಳನ್ನು ಡಬ್ಬಿಗೆ ತುಂಬಲೇಬೇಡಿ, ಒಳಗೆ ಬೆವರುತ್ತದೆ. ರಾತ್ರಿ ಮನೆಯೊಳಗೆ ಆರಲು ಬಿಟ್ಟು ಬೆಳಿಗ್ಗೆ ತುಂಬಿ. ಫ್ರಿಜ್‌ನ ಫ್ರೀಜರ್‌ನಲ್ಲಿ ಜಾಗ ಇದ್ದರೆ ಒಂದೊಂದು ಕೆಜಿಯಂತೆ ನಾಲ್ಕು ದಿನ ಇಟ್ಟು ತೆಗೆಯಿರಿ, ಒಳಗಿನ ಮರಿಯೂ ಸಾಯುತ್ತದೆ. ಇಡೀ ಕಾಳಿಗೆ ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಸವರುವ ಪದ್ಧತಿಯೂ ಒಳ್ಳೆಯದೇ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರೆ ಸಾಕು. ಒಂದೇ ದೊಡ್ಡ ಡಬ್ಬಿ ಬೇಡ. ಎರಡೆರಡು ಕೆಜಿಯ ಸಣ್ಣ ಡಬ್ಬಿಗಳಿರಲಿ, ಒಂದು ಕೆಟ್ಟರೂ ಮಿಕ್ಕಿದ್ದು ಉಳಿಯುತ್ತದೆ.

ಎಷ್ಟು ಅಂದರೆ, ಒಬ್ಬರಿಗೆ ದಿನಕ್ಕೆ 75 ಗ್ರಾಂ ಹಿಡಿಯಿರಿ. ನಾಲ್ಕು ಜನಕ್ಕೆ 300 ಗ್ರಾಂ, ತಿಂಗಳಿಗೆ 9 ಕೆಜಿ. ಇದಕ್ಕಿಂತ ಜಾಸ್ತಿ ಇಡುವ ಆಸೆ ಬೇಡ. ಈ 9 ಕೆಜಿಯಿಂದಲೇ ವಾರವಾರ ತೆಗೆದು ಅಡುಗೆ ಮಾಡಿ, ಖಾಲಿಯಾದಷ್ಟು ಮತ್ತೆ ತುಂಬಿ. ಮುಟ್ಟದೆ ಎತ್ತಿಟ್ಟ ಕಾಳೇ ಹುಳಕ್ಕೆ ಹೋಗುವುದು.

ಯಾವುದು ಅನ್ನುವಾಗ ಒಲೆಯ ಕಡೆಯೂ ನೋಡಬೇಕು, ಅಲ್ವಾ? ರಸ್ತೆ ಹೋದರೆ ಸಿಲಿಂಡರ್ ಬರುವುದಿಲ್ಲ, ಸೌದೆ ಒದ್ದೆ. ಅದಕ್ಕೇ ಅರ್ಧದಷ್ಟು ಹೆಸರುಬೇಳೆ, ತೊಗರಿಬೇಳೆ ಇರಲಿ. ಹೆಸರುಬೇಳೆ ನೆನೆಸದೆಯೂ ಬೇಗ ಬೇಯುತ್ತದೆ. ಒಡೆದ ಬೇಳೆಗೆ ಈ ಕಾಳಿನ ಹುಳದ ಕಾಟವೂ ಕಡಿಮೆ, ಅದಕ್ಕೆ ಇಡೀ ಕಾಳೇ ಇಷ್ಟ. ಎರಡು ಕೆಜಿ ಹೆಸರುಕಾಳು ಇಡಿ. ಮೊಳಕೆ ಕಟ್ಟಿ ಕೋಸಂಬರಿ ಮಾಡಿದರೆ ಬೆಂಕಿಯೇ ಬೇಡ. ಮಿಕ್ಕಿದ್ದು ಹುರುಳಿ, ಒಣ ಅವರೆ.

ರಾಜ್ಮಾ ಇಡುವವರಿಗೆ ಒಂದು ಮಾತು, ದಯವಿಟ್ಟು ಗಮನ ಕೊಡಿ. ಹಸಿ ರಾಜ್ಮಾದಲ್ಲಿ ವಿಷದ ಅಂಶ ಇದೆ. ಸಣ್ಣ ಉರಿಯಲ್ಲಿ ಅರೆಬರೆ ಬೇಯಿಸಿ ತಿಂದರೆ ವಾಂತಿ, ಭೇದಿ ಆಗುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗೆ ಬೇಯಿಸಬೇಕು. ಸೌದೆಗೇ ಪರದಾಡುವ ದಿನಗಳಿಗೆ ಅದು ಹೊಂದುವುದಿಲ್ಲ. ನಾನಂತೂ ಇಡುವುದಿಲ್ಲ.

ಇನ್ನು ಹಿತ್ತಲು. ಖಂಡಿತ ಬೆಳೆಯಿರಿ, ಆದರೆ ಜೂನ್‌ನಲ್ಲಿ ಅಲ್ಲ. ನಿಮ್ಮ ಮಳೆಗೆ ಬೇರು ಕೊಳೆಯುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿತ ಬಿಟ್ಟ ಮೇಲೆ, ಏರುಮಡಿ ಮಾಡಿ ಹುರುಳಿ, ಅವರೆ ಹಾಕಿ. ನಾಟಿ ಅವರೆ ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುವುದು, ಅದಕ್ಕೇ ಸೊಗಡಿನ ಕಾಯಿ ಚಳಿಗಾಲಕ್ಕೆ ಬರುತ್ತದೆ. ಬೇರೆ ಕಾಲದಲ್ಲೂ ಬೇಕು ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿವೆ, ಅವಕ್ಕೆ ಹಗಲಿನ ಲೆಕ್ಕ ಇಲ್ಲ. ಹುರುಳಿ ಗುಂಟೆಗೆ 5 ಕೆಜಿ ಬಂದರೆ ಒಳ್ಳೆಯ ಬೆಳೆ ಅಂದುಕೊಳ್ಳಿ. ಅಂದರೆ 9 ಕೆಜಿ ಪೂರ್ತಿ ಹಿತ್ತಲಿಂದಲೇ ಬೇಕಾದರೆ ಹತ್ತಿರ ಹತ್ತಿರ ಎರಡು ಗುಂಟೆ.

ಬೀಜವನ್ನ ಮಾತ್ರ ಬೇರೆಯೇ ಎತ್ತಿಡಿ. ಚೆನ್ನಾಗಿರುವ ಎರಡು ಅವರೆ ಬಳ್ಳಿಗೆ ದಾರ ಕಟ್ಟಿ, ಕಾಯಿ ಬಳ್ಳಿಯಲ್ಲೇ ಒಣಗಲಿ, ಮಕ್ಕಳು ಕೇಳಿದರೂ ಕೀಳಬೇಡಿ. ಅಮ್ಮ ಬೀಜದ ತೊಗರಿಗೆ ಕೆಮ್ಮಣ್ಣಿನ ರಾಡಿ ಸವರಿ ಒಣಗಿಸುತ್ತಿದ್ದರು. ಆ ಮಣ್ಣಿನ ಪದರ ಇದ್ದರೆ ಹುಳಕ್ಕೆ ಮೊಟ್ಟೆ ಅಂಟಿಸಲು ಆಗುವುದಿಲ್ಲ. ಕೆಮ್ಮಣ್ಣು ನಿಮ್ಮಲ್ಲೂ ಇದೆಯಲ್ಲ.

ಪ್ರಶ್ನೆ: ಅಮ್ಮಾ, ಎರಡು ವರ್ಷದ ಹಿಂದೆ ತೆಗೆದಿಟ್ಟ ಹುರುಳಿ ಇದೆ. ಹುಳ ಇಲ್ಲ, ಆದರೆ ಎಷ್ಟು ಬೇಯಿಸಿದರೂ ಮೆತ್ತಗಾಗುತ್ತಿಲ್ಲ. ಬಿತ್ತಬಹುದಾ, ಚೆಲ್ಲಬೇಕಾ? (ದಾವಣಗೆರೆಯ ಓದುಗರು)

ಉತ್ತರ: ಚೆಲ್ಲಬೇಡಪ್ಪ. ಸೆಕೆ, ತೇವ ಎರಡೂ ಇರುವ ಕಡೆ ಬಹಳ ದಿನ ಇಟ್ಟ ಕಾಳು ಹಾಗೇ ಗಡುಸಾಗುತ್ತದೆ. ಚಿಟಿಕೆ ಅಡುಗೆ ಸೋಡ ಹಾಕಿ ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಕುಕ್ಕರ್‌ನಲ್ಲಿಡು. ಹುಣಸೆಹುಳಿಯನ್ನು ಕಾಳು ಬೆಂದ ಮೇಲೆಯೇ ಹಾಕು, ಮೊದಲೇ ಹಾಕಿದರೆ ಇನ್ನೂ ಬೇಯದು. ಆಗಲೂ ಗಟ್ಟಿ ಇದ್ದರೆ ಮಿಕ್ಕ ಒಣಕಾಳನ್ನು ಹದವಾಗಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಚಟ್ನಿಪುಡಿ ಮಾಡಿಬಿಡು. ಬಿತ್ತುವುದಕ್ಕೆ ಮುಂಚೆ 20 ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ನಾಲ್ಕು ದಿನ ಇಟ್ಟು ನೋಡು. 15ಕ್ಕಿಂತ ಕಡಿಮೆ ಮೊಳೆತರೆ ಅದನ್ನು ಅಡುಗೆಗೇ ಬಿಟ್ಟು, ಊರಲ್ಲಿ ಯಾರ ಹತ್ತಿರವಾದರೂ ಹೋದ ವರ್ಷದ ಬೀಜ ಕೇಳು.